ಅರ್ಧ ನಿಮಿಷದ ಮುಕ್ತಾಯ

ಭಾವ ನಡೆಸುತ್ತಿದ್ದ ಸಂಗೀತ ಶಾಲೆಯ ಹಿಂದೆ ಒಂದು ಕೋಣೆಯಿತ್ತು. ಮೊದಲು ಅದರ ತುಂಬ ಮಡಚುವ ಕುರ್ಚಿಗಳು ಮತ್ತು ಕೆಟ್ಟುಹೋದ ಸ್ಪೀಕರುಗಳು. ಮೂರು ವರ್ಷದ ಹಿಂದೆ ಅವರ ನಾದಿನಿ ಅಳಿಲು ಇದ್ದ ಕೆಲಸ ಬಿಟ್ಟು, ವೀಡಿಯೋ ಗೇಮ್ ಮಾಡುತ್ತೇನೆಂದು ಹೊರಟಾಗ, ಭಾವ ಯಾಕೆ ಏನು ಎಂದು ಕೇಳದೆ ಕುರ್ಚಿಗಳನ್ನೆಲ್ಲ ತಾವೇ ಹೊತ್ತು ಹೊರಗಿಟ್ಟು ಕೋಣೆ ಖಾಲಿ ಮಾಡಿಕೊಟ್ಟಿದ್ದರು. ಅಳಿಲು ಎಂಬುದು ಅಕ್ಕ ಇಟ್ಟ ಅಡ್ಡಹೆಸರು. ಚಿಕ್ಕಂದಿನಲ್ಲಿ ಎರಡು ಮೆಟ್ಟಿಲು ಹತ್ತಿ, ನಿಂತು, ಸುತ್ತ ನೋಡಿ, ಮತ್ತೆರಡು ಹತ್ತುತ್ತಿದ್ದಳಂತೆ. ವಯಸ್ಸು ಮೂವತ್ತಾರಾದರೂ ಆ ಹೆಸರು ಹೋಗಿರಲಿಲ್ಲ, ಆ ಅಭ್ಯಾಸವೂ ಹೋಗಿರಲಿಲ್ಲ.

ಕೋಣೆಗೆ ಒಂದೇ ಕಿಟಕಿ. ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಬಾಗಿಲೂ ಒಂದೇ, ಅದು ತೆರೆಯುವುದು ಶಾಲೆಯೊಳಕ್ಕೆ. ನೀರಿಗೆ ಹೋಗಲಿ, ಫೋನಿನಲ್ಲಿ ಮಾತಾಡಲು ಬೀದಿಗೆ ಹೋಗಲಿ, ಹತ್ತು ಕೀಬೋರ್ಡುಗಳ ನಡುವೆ ನುಸುಳಿಯೇ ಹೋಗಬೇಕು. ಅವಳು ದಾಟುವಾಗಲೆಲ್ಲ ಭಾವ ಪಾಠ ನಿಲ್ಲಿಸದೆಯೇ ತಲೆಯೆತ್ತಿ ಒಮ್ಮೆ ನಗುತ್ತಿದ್ದರು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಆ ನಗೆಗೆ ಏನು ಮಾಡುವುದು?

ಅವಳ ಜೊತೆಗಿದ್ದವನು ಮೌನಿ, ಕಾಲೇಜಿನ ಸಹಪಾಠಿ. ಗೇಮಿನ ಕೋಡ್ ಬರೆಯುವುದು ಅವನ ಪಾಲು, ಚಿತ್ರ ಮತ್ತು ಕಥೆ ಅವಳ ಪಾಲು. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಅವನು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಅವನು ಮಾತಾಡಿದನೆಂದರೆ ಅವಳ ಗುಂಡಿಗೆ ಹಾರುತ್ತಿತ್ತು.

ಗೇಮಿನ ಹೆಸರು 'ಹೊರಬಾಗಿಲು'. ಒಂಬತ್ತು ಮಹಡಿಯ ಕಟ್ಟಡ, ಅದರೊಳಗೆ ಒಬ್ಬ ಹೆಂಗಸು. ಯಾವ ಬಾಗಿಲು ತೆರೆದರೂ ಮತ್ತೊಂದು ಓಣಿ. ಹೊರಗೆ ಹೋಗುವ ದಾರಿಯನ್ನು ಆಡುವವರು ಕಿವಿಯಿಂದಲೇ ಹುಡುಕಬೇಕು. ಸರಿಯಾದ ಬಾಗಿಲು ಹತ್ತಿರವಾದಂತೆ ಸಂಗೀತದಿಂದ ಒಂದೊಂದೇ ವಾದ್ಯ ಹಿಂದೆ ಸರಿಯುತ್ತದೆ. ಹೀಗಾಗಿ ಬೇರೆ ಗೇಮುಗಳಲ್ಲಿ ಊಟಕ್ಕೆ ಉಪ್ಪಿನಕಾಯಿಯಂತಿರುವ ಸಂಗೀತ ಇದರಲ್ಲಿ ಅನ್ನವೇ ಆಗಿತ್ತು. ಅರ್ಧ ನಿಮಿಷದ ಒಂದೊಂದು ತುಣುಕು; ಆಡುವವರು ಆ ಮಹಡಿ ಬಿಡುವವರೆಗೂ ಅದು ಸುತ್ತಿ ಸುತ್ತಿ ಬರಬೇಕು; ಕೊನೆ ಮತ್ತು ಮೊದಲು ಕೂಡುವ ಕಡೆ ಹೊಲಿಗೆ ಕಾಣಬಾರದು. ಹಾವು ತನ್ನ ಬಾಲವನ್ನು ತಾನೇ ಕಚ್ಚಿದ ಹಾಗೆ ಎಂದು ಅವಳು ಎಲ್ಲರಿಗೂ ವಿವರಿಸುತ್ತಿದ್ದಳು.

ವಿವರಿಸಿದ್ದು ಹನ್ನೊಂದು ಮಂದಿ ಸಂಗೀತ ಸಂಯೋಜಕರಿಗೆ. ಒಬ್ಬ ಯುದ್ಧಕ್ಕೆ ಹೊರಟ ಸೈನ್ಯದಂಥದ್ದನ್ನು ಕಳಿಸಿದ. ಇನ್ನೊಬ್ಬಳದು ಸಾಬೂನಿನ ಜಾಹೀರಾತಿನ ಹಾಗಿತ್ತು. ಮತ್ತೊಬ್ಬನಂತೂ ಎಂಬತ್ತು ಪಿಟೀಲು ಇಲ್ಲದೆ ಒಂಟಿತನ ಬರುವುದೇ ಇಲ್ಲ ಎಂದ. ಸಣ್ಣ ಗೇಮುಗಳಿಗೆಂದೇ ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಕ್ಕೆ ಅರ್ಜಿ ಹಾಕಲು ಏಳು ತಿಂಗಳು ಉಳಿದಿತ್ತು. ನೂರಾರು ಅರ್ಜಿಗಳಲ್ಲಿ ಹತ್ತನ್ನು ಆರಿಸುತ್ತಾರೆ, ಆರಿಸಿದ ಹತ್ತನ್ನು ಪ್ರಕಾಶಕರು ಬಂದು ನೋಡುತ್ತಾರೆ. ಎರಡು ವರ್ಷ ತಿರಸ್ಕೃತರಾಗಿದ್ದ ಅವರಿಗೆ ಇದು ಕೊನೆಯ ಸಲ ಎಂದು ಅಳಿಲೂ ಮೌನಿಯೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಆದರೆ ಮೌನಿ ಬೇರೆ ಕಡೆ ಕೆಲಸಕ್ಕೆ ಅರ್ಜಿ ಬರೆದಿಟ್ಟುಕೊಂಡಿದ್ದು ಅವಳ ಕಣ್ಣಿಗೆ ಬಿದ್ದಿತ್ತು.

ಆ ಹೊತ್ತಿಗೆ ಭಾವ ಬಾಗಿಲು ತಟ್ಟಿದರು. ತಮ್ಮದೇ ಕೋಣೆಯ ಬಾಗಿಲನ್ನು ಮೂರು ವರ್ಷವೂ ತಟ್ಟಿಯೇ ಒಳಗೆ ಬಂದವರು ಅವರು.

"ಅಳಿಲು ಮೇಡಂ, ಒಂದು ಮಾತು. ಸಂಗೀತ ನಾನು ಮಾಡ್ಲಾ?"

ಭಾವ ಇಪ್ಪತ್ತೆರಡು ವರ್ಷ ಒಂದು ದೊಡ್ಡ ಹೋಟೆಲಿನ ವಾದ್ಯತಂಡದಲ್ಲಿ ನುಡಿಸಿದವರು. ಹೋಟೆಲಿನವರು ತಂಡ ವಿಸರ್ಜಿಸಿ, ಗೋಡೆಯೊಳಗೆ ಸ್ಪೀಕರ್ ಕೂರಿಸಿದ ಮೇಲೆ ಶಾಲೆಯೊಂದೇ ಉಳಿದಿತ್ತು. ಅಳಿಲು 'ನೋಡೋಣ ಭಾವ' ಎಂದಳು. ಅಷ್ಟು ಸಾಕಾಯಿತು. ಮರುದಿನ ಅಕ್ಕ ಫೋನ್ ಮಾಡಿದಳು.

"ಏನು ಮಂತ್ರ ಹಾಕಿದ್ಯೇ? ಬೆಳಿಗ್ಗೆ ಆರಕ್ಕೆ ಎದ್ದು ಶೇವ್ ಮಾಡ್ಕೊಂಡ್ರು ಕಣೇ. ಎಂಟು ತಿಂಗಳಾಗಿತ್ತು, ನಾನು ಹೇಳದೆ ಅವರಾಗಿ ಶೇವ್ ಮಾಡ್ಕೊಂಡು."

"ಅಕ್ಕ, ಇನ್ನೂ ಏನೂ ಗಟ್ಟಿ ಆಗಿಲ್ಲ..."

"ಗಟ್ಟಿ ಮಾಡು ಮತ್ತೆ. ಮನೇಲೇ ಸಂಗೀತಗಾರರನ್ನ ಇಟ್ಕೊಂಡು ಊರೆಲ್ಲ ಹುಡುಕಿದ್ಯಂತೆ, ಸಿಟ್ಟಿಗೆ ನಿನ್ನ ತಲೆ ಮೇಲೆ ಮೊಟಕ್ಬೇಕು ಅನ್ನಿಸ್ತಿದೆ."

ಭಾವ ವಾರದೊಳಗೆ ನಾಲ್ಕು ತುಣುಕು ತಂದರು. ಕೇಳಲು ಇಂಪಾಗಿದ್ದವು, ಸುಳ್ಳು ಹೇಳಬಾರದು. ಆದರೆ ಪ್ರತಿಯೊಂದೂ ಇಪ್ಪತ್ತೈದನೇ ಸೆಕೆಂಡಿಗೆ ಸೊಂಟಕ್ಕೆ ಬಟ್ಟೆ ಬಿಗಿದು ಎದ್ದು ನಿಂತು, ಢಂ ಢ-ಢಂ ಢಂ ಎಂದು ಭರ್ಜರಿಯಾಗಿ ಮುಗಿಯುತ್ತಿತ್ತು. ಒಂದು ಕ್ಷಣ ನಿಶ್ಶಬ್ದ. ಮತ್ತೆ ಮೊದಲಿನಿಂದ.

"ಭಾವ, ಈ ಕೊನೆಯ ಢಂ ಢಂ ಬೇಡ. ಇದು ಮುಗೀಬಾರದು."

"ಮುಗಿಸದೆ ಬಿಟ್ರೆ ಚಪ್ಪಾಳೆ ಎಲ್ಲಿ ತಟ್ಬೇಕು ಅಂತ ಜನಕ್ಕೆ ಹೇಗಮ್ಮ ಗೊತ್ತಾಗುತ್ತೆ?"

"ಗೇಮಿನಲ್ಲಿ ಯಾರೂ ಚಪ್ಪಾಳೆ ತಟ್ಟಲ್ಲ ಭಾವ."

"ಪಾಪ," ಎಂದರು ಭಾವ. ಆಡುವವರಿಗೆ ಪಾಪವೋ ನುಡಿಸುವವರಿಗೋ ಹೇಳಲಿಲ್ಲ. ತಿದ್ದಿ ತಂದರು. ತಿದ್ದಿದ್ದು ಇನ್ನೂ ಅಂದವಾಗಿ ಮುಗಿಯುತ್ತಿತ್ತು. ನಾಲ್ಕು ಸಲ ತಿದ್ದಿಸಿದ ಮೇಲೆ ಐದನೇ ಸಲ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. "ಚೆನ್ನಾಗಿದೆ ಭಾವ," ಎಂದುಬಿಟ್ಟಳು. ಬಿಸಿತುಪ್ಪ ಬಾಯಿಗೆ ಬಿದ್ದದ್ದು ಹೀಗೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹನ್ನೆರಡನೆಯ ಸಂಯೋಜಕಿ ಸಿಕ್ಕಿದ್ದು ಆ ತಿಂಗಳೇ. ದೂರದ ಊರಿನಾಕೆ, ಮುಖ ನೋಡಿದ್ದಿಲ್ಲ. ಮೊದಲ ಫೋನಿನಲ್ಲಿ ಆಕೆ ಕೇಳಿದ್ದು ಎರಡೇ ಪ್ರಶ್ನೆ: "ಓಣಿ ಎಷ್ಟು ಅಗಲ? ನೆಲ ಯಾವುದರದ್ದು?" ಹತ್ತು ದಿನದ ಮೇಲೆ ಕಳಿಸಿದ ಸಂಗೀತವನ್ನು ಅಳಿಲು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೇಳಿದಳು. ಶುರುವೆಲ್ಲಿ, ಕೊನೆಯೆಲ್ಲಿ ಎಂದು ಬೆರಳಿಟ್ಟು ಹುಡುಕಿದರೂ ಸಿಗಲಿಲ್ಲ. ಕಣ್ಣು ತೆರೆದಾಗ ಇಪ್ಪತ್ತು ನಿಮಿಷ ಆಗಿತ್ತು. ಗೋಡೆಯಾಚೆ ಯಾರೋ ಹೊಸ ವಿದ್ಯಾರ್ಥಿನಿ ಸ್ವರ ತಪ್ಪುತ್ತಿದ್ದಳು, ಭಾವ ಸಮಾಧಾನದಿಂದ 'ಇನ್ನೊಮ್ಮೆ' ಎನ್ನುತ್ತಿದ್ದರು.

"ಇವರೇ," ಎಂದಳು ಅಳಿಲು ಮೌನಿಗೆ.

"ಭಾವ?" ಎಂದ ಅವನು.

ಉಪಾಯ ಅವಳದೇ. ಮೌನಿಯ ಮೇಲೆ ಹೊರಿಸಲು ಆಮೇಲೆ ಎಷ್ಟು ನೋಡಿದರೂ ಆಗಲಿಲ್ಲ. ಪ್ರತಿ ಶುಕ್ರವಾರ ಸಂಜೆ ಪಾಠ ಮುಗಿದ ಮೇಲೆ ಭಾವ ಶಾಲೆಯ ಕಂಪ್ಯೂಟರಿನಲ್ಲಿ ಗೇಮ್ ಆಡಿ ತಮ್ಮ ಸಂಗೀತ ಹೇಗೆ ಕೂತಿದೆ ಎಂದು ನೋಡುತ್ತಿದ್ದರು. ಮೌನಿ ಕೋಡಿನಲ್ಲಿ ಎರಡು ಸಾಲು ಸೇರಿಸಿದ: ಕಂಪ್ಯೂಟರಿನ ಹೆಸರು ನೋಡು, ಅದು ಶಾಲೆಯದಾಗಿದ್ದರೆ ಭಾವನ ಸಂಗೀತ ನುಡಿಸು, ಬೇರೆ ಯಾವುದಾದರೂ ಆಗಿದ್ದರೆ ಸಂಯೋಜಕಿಯದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪ್ರದರ್ಶನಕ್ಕೆ ಆಯ್ಕೆಯಾದರೆ ಆಗ ಹೇಗಾದರೂ ಹೇಳಿದರಾಯಿತು, ಆಗದಿದ್ದರೆ ಹೇಳುವ ಪ್ರಮೇಯವೇ ಇಲ್ಲ.

ಅಲ್ಲಿಂದ ಐದು ತಿಂಗಳು ಅವಳು ನೆಟ್ಟಗೆ ಉಸಿರಾಡಲಿಲ್ಲ. ಹೆಡ್‌ಫೋನಿನ ಸಂದಿಯಿಂದ ಸದ್ದು ಸೋರುತ್ತದೆಯೇ ಎಂದು ಅದನ್ನು ಮೇಜಿನ ಮೇಲಿಟ್ಟು, ಗೋಡೆಗೆ ಕಿವಿಯಾನಿಸಿ ಪರೀಕ್ಷಿಸುತ್ತಿದ್ದಳು. ಸಂಯೋಜಕಿಯ ಫೋನ್ ಬಂದರೆ ಹತ್ತು ಕೀಬೋರ್ಡು ದಾಟಿ ಬೀದಿಗೆ ಓಡುತ್ತಿದ್ದಳು. "ಯಾರದು ಪದೇ ಪದೇ ಫೋನು?" ಎಂದು ಭಾವ ತಮಾಷೆಗೆ ಕೇಳಿದರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, "ಯಾರೂ ಇಲ್ಲ ಭಾವ, ಬ್ಯಾಂಕಿನವರು," ಎಂದು ಬೆವರುತ್ತಿದ್ದಳು. ಶುಕ್ರವಾರಗಳಂದು ಭಾವನ ಪಕ್ಕ ಕೂತು, ಢಂ ಢ-ಢಂ ಢಂ ಬಂದಾಗಲೆಲ್ಲ ತಲೆಯಾಡಿಸುತ್ತಿದ್ದಳು. ತಲೆಯಾಡಿಸುವುದು ಸುಳ್ಳಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದಳು.

ಅರ್ಜಿ ಕಳಿಸುವ ಕೊನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಮೌನಿ ಬಾಯಿ ಬಿಟ್ಟ.

"ನನ್ನ ಕಂಪ್ಯೂಟರ್ ಸತ್ತೋಯ್ತು."

ಗಡುವು ಐದು ಗಂಟೆ. ಕೋಡ್, ಚಿತ್ರ, ಸಂಗೀತ ಎಲ್ಲದರ ನಕಲು ಬೇರೆ ಡಿಸ್ಕಿನಲ್ಲಿತ್ತು. ಆದರೆ ಅದನ್ನೆಲ್ಲ ಸೇರಿಸಿ ಆಡಬಹುದಾದ ಒಂದು ಗೇಮಾಗಿ ಪ್ಯಾಕ್ ಮಾಡುವ ತ್ರಾಣ ಅಳಿಲಿನ ಹಳೆಯ ಲ್ಯಾಪ್‌ಟಾಪಿಗಿರಲಿಲ್ಲ. ಉಳಿದದ್ದು ಶಾಲೆಯ ಕಂಪ್ಯೂಟರ್. ಭಾವ ಪಾಠ ನಿಲ್ಲಿಸಿ ಜಾಗ ಬಿಟ್ಟರು, ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿದರು, ತಾವು ಹಿಂದೆ ಕೈಕಟ್ಟಿ ನಿಂತರು. ನಾಲ್ಕೂವರೆಗೆ ಗೇಮ್ ಸಿದ್ಧವಾಯಿತು. ಮೌನಿ ತೆರೆದು ಒಂದು ಮಹಡಿ ಆಡಿ ನೋಡಿದ. ಢಂ ಢ-ಢಂ ಢಂ ಎಂದಿತು. ಅಳಿಲೂ ಮೌನಿಯೂ ಒಬ್ಬರನ್ನೊಬ್ಬರು ನೋಡಿದರು, ಇಬ್ಬರಿಗೂ ಸಮಾಧಾನವಾಯಿತು. ಶಾಲೆಯ ಕಂಪ್ಯೂಟರ್ ತಾನೇ, ಭಾವನದೇ ನುಡಿಯಬೇಕು. ಬೇರೆ ಕಡೆ ತೆರೆದರೆ ಸಂಯೋಜಕಿಯದು ನುಡಿಯುತ್ತದೆ. ಅರ್ಜಿಯಲ್ಲಿ 'ಸಂಗೀತ' ಎಂಬ ಸಾಲು ಬಂದಾಗ ಭಾವನಿಗೆ ಕಾಣದ ಹಾಗೆ ಅಳಿಲು ಭುಜ ಅಡ್ಡ ತಂದು ಸಂಯೋಜಕಿಯ ಹೆಸರು ಒತ್ತಿದಳು. ಐದಕ್ಕೆ ಎಂಟು ನಿಮಿಷ ಇರುವಾಗ ಕಳಿಸಿದರು. ಭಾವ ಇಬ್ಬರ ಬೆನ್ನನ್ನೂ ತಟ್ಟಿದರು.

ಮೂರು ವಾರದ ಮೇಲೆ, ಒಂದು ಬೆಳಿಗ್ಗೆ, ಪತ್ರ ಬಂತು.

ಆಯ್ಕೆಯಾಗಿತ್ತು. ಅಳಿಲು ಮೊದಲ ಸಾಲು ಓದಿ ಮೌನಿಯ ತೋಳು ಹಿಡಿದುಕೊಂಡಳು. ಎರಡನೇ ಪರಿಚ್ಛೇದಕ್ಕೆ ಬರುವಾಗ ಹಿಡಿತ ಸಡಿಲವಾಯಿತು. 'ನಮ್ಮನ್ನು ಹೆಚ್ಚು ಕಾಡಿದ್ದು ಸಂಗೀತ,' ಎಂದು ಬರೆದಿದ್ದರು. 'ಅರ್ಧ ನಿಮಿಷಕ್ಕೊಮ್ಮೆ ಅದು ಎಲ್ಲ ಮುಗಿಯಿತೆಂದು ಸಾರುತ್ತದೆ. ಬಾಗಿಲು ಮಾತ್ರ ತೆರೆಯುವುದಿಲ್ಲ. ಹತ್ತನೇ ಸಲ ಮುಗಿದಾಗ ನಮ್ಮಲ್ಲೊಬ್ಬರು ಎದ್ದುಹೋಗಿ ಕಿಟಕಿ ತೆರೆದು ನಿಂತರು. ಇಂಥ ಕ್ರೂರ ಸಂಗೀತವನ್ನು ನಾವು ಕೇಳಿರಲಿಲ್ಲ. ಸಂಯೋಜಕಿಯನ್ನು ದಯವಿಟ್ಟು ಕರೆತನ್ನಿ. ಕಳಿಸಿದ ರೂಪದಲ್ಲೇ ಪ್ರದರ್ಶಿಸಬೇಕು, ಏನನ್ನೂ ಬದಲಿಸಬಾರದು.'

ಮೌನಿ ಆಗಲೇ ತನ್ನ ಹೊಸ ಯಂತ್ರದಲ್ಲಿ ಆ ಎರಡು ಸಾಲುಗಳನ್ನು ಹುಡುಕುತ್ತಿದ್ದ. ಅವನ ಕಿವಿ ಕೆಂಪಗಾಗುತ್ತಾ ಹೋಯಿತು.

"ಮಾತಾಡೋ," ಎಂದಳು ಅಳಿಲು. ಅವನ ಮಾತನ್ನು ಅವಳಾಗಿ ಬೇಡಿದ್ದು ಅದೇ ಮೊದಲು.

"ಗೇಮ್ ಭಾರ ಆಗ್ತಿತ್ತು. ಎರಡೂ ಸಂಗೀತ ಒಳಗಿಡೋದು ಯಾಕೆ ಅಂತ, ಕಳಿಸೋಕೆ ತಿಂಗಳ ಮುಂಚೆ ಬದಲಾಯಿಸಿದ್ದೆ. ಪ್ಯಾಕ್ ಮಾಡೋವಾಗಲೇ ಹೆಸರು ನೋಡಿ ಒಂದನ್ನ ಮಾತ್ರ ಒಳಗೆ ಹಾಕುತ್ತೆ. ಎಲ್ಲಿ ಆಡ್ತಾರೆ ಅಂತಲ್ಲ, ಎಲ್ಲಿ ಪ್ಯಾಕ್ ಆಯ್ತು ಅಂತ ನೋಡುತ್ತೆ. ಭಾವನಿಗೆ ಶುಕ್ರವಾರದ್ದನ್ನ ಶಾಲೇಲೇ ಪ್ಯಾಕ್ ಮಾಡ್ತಿದ್ದೆ, ಆವತ್ತಿನ ಗಡಿಬಿಡೀಲಿ ಇದೆಲ್ಲ ಮರೆತೇಹೋಯ್ತು."

"ಪ್ಯಾಕ್ ಆಗಿದ್ದು..."

"ಶಾಲೇಲಿ."

ತಪ್ಪು ಸಂಗೀತ ಕೇಳಿಯೇ ಅವರಿಬ್ಬರೂ ಆ ದಿನ ಎಲ್ಲ ಸರಿಯಾಗಿದೆ ಎಂದುಕೊಂಡಿದ್ದರು. ಅಳಿಲಿಗೆ ನಗು ಬಂತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಸಂಯೋಜಕಿ. ಈ ಸಲ ಬೀದಿಗೆ ಓಡದೆ ಅಲ್ಲೇ ಎತ್ತಿದಳು.

"ಪ್ರದರ್ಶನದವರು ಪಟ್ಟಿ ಹಾಕಿದ್ದಾರೆ. ಜೊತೆಗೊಂದು ವೀಡಿಯೋ ಇದೆ. ಸಂಗೀತ ಅಂತ ನನ್ನ ಹೆಸರಿದೆ. ಅದು ನನ್ನದಲ್ಲ."

"ಹೌದು. ತಪ್ಪಾಯ್ತು. ನಾನು..."

"ಯಾರದ್ದು ಅದು?"

"ನಮ್ಮ ಭಾವಂದು."

"ನಂದನ್ನ ತಗೊಂಡು ಅವರದ್ದನ್ನ ಹಾಕಿದ್ರಿ. ಅವರದ್ದಕ್ಕೆ ನನ್ನ ಹೆಸರು ಹಾಕಿದ್ರಿ. ನೀವು ಯಾರಿಗೆ ಒಳ್ಳೇದು ಮಾಡೋಕೆ ಹೊರಟಿದ್ರಿ, ಸ್ವಲ್ಪ ಹೇಳಿ?"

ಅಳಿಲು ಎದ್ದು ಕಿಟಕಿ ತೆರೆದಳು.

"ಸಂಜೆಯೊಳಗೆ ನನ್ನ ಹೆಸರು ತೆಗೆಸಿ. ಇಲ್ಲಾಂದ್ರೆ ನಾನೇ ಅವರಿಗೆ ಬರೀತೀನಿ. ನನ್ನ ಸಂಗೀತ ನನಗೆ ವಾಪಸ್ ಬೇಕು. ಅದಕ್ಕೆ ಬೇರೆ ಮನೆ ನೋಡ್ಕೊಳ್ತೀನಿ." ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅಳಿಲಿಗೆ.

ಗೋಡೆಯಾಚೆ ಪಾಠ ನಿಂತಿದೆ ಎಂಬುದು ಆಗ ಅವಳ ಅರಿವಿಗೆ ಬಂತು. ಕೀಬೋರ್ಡುಗಳ ಸದ್ದಿಲ್ಲ. ಅದರ ಬದಲು, ತೆಳುವಾಗಿ, ಕಂಪ್ಯೂಟರಿನ ಸ್ಪೀಕರಿನಿಂದ ಬಂತು: ಢಂ ಢ-ಢಂ ಢಂ.

ಅವಳು ಬಾಗಿಲು ತೆರೆದಳು. ವಿದ್ಯಾರ್ಥಿಗಳು ಹೋಗಿಯಾಗಿತ್ತು. ಭಾವ ಕನ್ನಡಕವನ್ನು ಹಣೆಗೇರಿಸಿ ಪ್ರದರ್ಶನದ ವೀಡಿಯೋ ಮುಂದೆ ಕೂತಿದ್ದರು.

"ಬಾ. ನಿಮ್ಮಕ್ಕ ಫೋನ್ ಮಾಡಿ ನೋಡ್ರೀ ನೋಡ್ರೀ ಅಂತ ಒಂದೇ ಸಮ ಕುಣೀತಿದ್ಳು," ಎಂದರು. "ಇದು ನಂದೇ ತಾನೆ?"

"ನಿಮ್ಮದೇ ಭಾವ."

"ಹಾಗಾದ್ರೆ ಈ ಹೆಸರು ಯಾರದ್ದು?"

ಅಳಿಲು ಅಳೆದೂ ಸುರಿದೂ ಮಾತಾಡುವವಳು. ಆವತ್ತು ಅಳೆಯಲು ಪಾವೂ ಇರಲಿಲ್ಲ, ಸೇರೂ ಇರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು: ಸಂಯೋಜಕಿ, ಎರಡು ಸಾಲಿನ ಕೋಡು, ಶುಕ್ರವಾರಗಳು, ಸತ್ತ ಯಂತ್ರ, ಪತ್ರ. ಅವಳು ನಿಲ್ಲಿಸಿದ ಮೇಲೆ ಭಾವ, "ಆಕೆಯದು ಹಾಕು, ಕೇಳೋಣ," ಎಂದರು.

ಹಾಕಿದಳು. ಸ್ಪೀಕರಿನಲ್ಲಿ, ಬಾಗಿಲು ತೆರೆದೇ. ಐದು ತಿಂಗಳು ಹೆಡ್‌ಫೋನಿನೊಳಗೆ ಬಚ್ಚಿಟ್ಟದ್ದು ಆ ದೊಡ್ಡ ಕೋಣೆಯ ತುಂಬ ಹರಿದಾಡಿತು. ಭಾವ ಕಣ್ಣು ಮುಚ್ಚಿ, ಬೆರಳಿನಿಂದ ತೊಡೆಯ ಮೇಲೆ ಲೆಕ್ಕ ಹಿಡಿದರು, ಲೆಕ್ಕ ತಪ್ಪಿತು, ಮತ್ತೆ ಹಿಡಿದರು.

"ಕೊನೇನೇ ಇಲ್ವಲ್ಲ ಇದಕ್ಕೆ."

"ಹೂಂ."

"ನೀನು ಕೇಳ್ತಿದ್ದಿದ್ದು ಇದು. ನನಗೆ ಅರ್ಥ ಆಗಿರಲಿಲ್ಲ." ಕಣ್ಣು ತೆರೆದರು. "ಎಷ್ಟು ದಿನದಿಂದ?"

"ಐದು ತಿಂಗಳು."

"ಇಪ್ಪತ್ತು ಶುಕ್ರವಾರ," ಎಂದರು ಭಾವ. ಕನ್ನಡಕ ಕೆಳಗಿಳಿಸಿ ಅಂಗಿಯ ತುದಿಯಿಂದ ಒರೆಸತೊಡಗಿದರು.

"ಬೇಡ ಅಂದ್ರೆ ಹೇಳಿ ಭಾವ. ಪ್ರದರ್ಶನದವರಿಗೆ ಆಗಲ್ಲ ಅಂತ ಬರೆದು ಅರ್ಜಿ ವಾಪಸ್ ತಗೋತೀನಿ."

"ತಗೊಂಡು? ನಿಮ್ಮಕ್ಕ ಆಗಲೇ ಅವಳ ಆಫೀಸಿಗೆಲ್ಲ ಹೇಳಿಯಾಗಿದೆ. ಹೆಸರು ತಪ್ಪು ಬಿದ್ದಿದೆ, ಸಂಜೆಗೆ ಸರಿ ಹೋಗುತ್ತೆ ಅಂತ ನಾನೇ ಹೇಳಿದೆ ಅವಳಿಗೆ. ನನಗೇನು ಗೊತ್ತಿತ್ತು." ಕನ್ನಡಕ ಹಾಕಿಕೊಂಡರು. "ಹೆಸರು ಸರಿ ಮಾಡಿಸು. ಉಳಿದ ಮಹಡಿಗಳಿಗೂ ನಾನೇ ಮಾಡಿಕೊಡ್ತೀನಿ. ಮಾಡದೆ ಎಲ್ಲಿಗೆ ಹೋಗ್ಲಿ? ಆದರೆ ಒಂದು. ಈ ಕಳ್ಳಾಟ ನಿಮ್ಮಕ್ಕನ ಕಿವಿಗೆ ಬೀಳಬಾರದು. ನನಗೋಸ್ಕರ ಅಲ್ಲ. ಅವಳು ನಿನ್ನ ಮುಖ ನೋಡಲ್ಲ ಆಮೇಲೆ."

"ಎಷ್ಟು ದಿನ ಮುಚ್ಚಿಡೋದು ಭಾವ?"

"ಅದು ನಿನಗೇ ಚೆನ್ನಾಗಿ ಗೊತ್ತಲ್ಲ, ನನ್ನನ್ನ ಕೇಳ್ತೀಯಾ?"

ಇಬ್ಬರಿಗೂ ಸಣ್ಣಗೆ ನಗು ಬಂತು, ಇಬ್ಬರೂ ನಗಲಿಲ್ಲ. ಭಾವ ವೀಡಿಯೋವನ್ನು ಮೊದಲಿಗೆ ತಂದು ನಿಲ್ಲಿಸಿದರು. ಅವಳ ಕಡೆ ತಿರುಗದೆಯೇ ಕೇಳಿದರು.

"ಅವರು ಮೆಚ್ಚಿದ್ದು ಬಿಡು. ನಿನಗೆ ಇಷ್ಟ ಆಗಿತ್ತಾ?"

"ಆಗ... ಇಲ್ಲ ಭಾವ."

"ಈಗ?"

ಬೀದಿಬಾಗಿಲು ದಡಾರನೆ ತೆರೆಯಿತು. ಅಕ್ಕ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಒಂದು ಕೈಯಲ್ಲಿ ಚಹಾದ ಫ್ಲಾಸ್ಕ್, ಇನ್ನೊಂದರಲ್ಲಿ ಒಂದರೊಳಗೊಂದು ಸೇರಿಸಿದ ಕಾಗದದ ಲೋಟಗಳು.

"ಏನ್ರೀ, ಬೆಕ್ಕು ಹಾಲು ಕುಡಿದ ಹಾಗೆ ಕೂತಿದ್ದೀರ ಇಬ್ಬರೂ? ಸಂಭ್ರಮ ಮಾಡೋದು ಬಿಟ್ಟು!"

"ಏನಿಲ್ಲ," ಎಂದರು ಭಾವ. "ನಿನ್ನ ತಂಗೀನ ಒಂದು ಮಾತು ಕೇಳ್ತಿದ್ದೆ. ನನ್ನ ಸಂಗೀತ ಅವಳಿಗೆ ಹೇಗನ್ನಿಸ್ತು ಅಂತ."

"ಓಹೋ, ಇನ್ನೂ ಹೇಳಿಲ್ವಾ? ಎಲ್ಲರೂ ಹೊಗಳಿದ್ದಾಯ್ತು, ಇವಳೊಬ್ಬಳು ಬಾಕಿ." ಅಕ್ಕ ಎರಡು ಲೋಟಕ್ಕೆ ಚಹಾ ಬಗ್ಗಿಸಿ ಒಂದನ್ನು ಗಂಡನ ಕೈಗಿಟ್ಟಳು. ತನ್ನ ಲೋಟ ಹಿಡಿದು, ಒಂದು ಕುರ್ಚಿ ಎಳೆದು, ಅಳಿಲಿನ ಎದುರಿಗೇ ಕೂತಳು. "ಹೇಳೇ. ನಾನೂ ಕೇಳಿಸ್ಕೊಳ್ತೀನಿ. ಎರಡು ಮೆಟ್ಟಿಲು ಹತ್ತಿ ನಿಂತ್ಕೋಬೇಡ, ಪೂರ್ತಿ ಹೇಳು."

ಹಿಂದಿನ ಕೋಣೆಯ ಬಾಗಿಲಲ್ಲಿ ಮೌನಿ ಬಂದು ನಿಂತವನು, ಅಕ್ಕನನ್ನು ಕಂಡು ಸದ್ದಿಲ್ಲದೆ ಹಿಂದಕ್ಕೆ ಸರಿದ.

ಅಕ್ಕ ನಗುತ್ತಾ ಕಾದಳು. ಭಾವ ತಲೆಯೆತ್ತಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ಅವರೂ ಕಾಯುತ್ತಿದ್ದರು.